ರಾತ್ರಿ ಹಲ್ಲುಜ್ಜುವುದು ನಮ್ಮ ಮನೆಗಳಲ್ಲಿ ಯಾಕೆ ರೂಢಿಗೆ ಬರಲಿಲ್ಲ?

ಗದಗಿನ ಮಗಳು

ಎಲ್ಲರಿಗೂ ನಮಸ್ಕಾರ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಕೆಲವರಿಗೆ ಸಣ್ಣ ವಿಷಯ ಅನಿಸಬಹುದು. ನಮ್ಮ ಮನೆಯಲ್ಲಿ ಈಗ ಅದು ಸಣ್ಣದಾಗಿ ಉಳಿದಿಲ್ಲ.

ಅವ್ವನಿಗೆ 67 ವರ್ಷ. ಶ್ರಾವಣದಲ್ಲಿ ಅವಳ ಕೆಳಗಿನ ಸಾಲಿನಲ್ಲಿ ಉಳಿದಿದ್ದ ಐದು ಹಲ್ಲುಗಳನ್ನೂ ತೆಗೆಸಿದೆವು. ಒಂದಕ್ಕೂ ಹುಳುಕು ಹತ್ತಿರಲಿಲ್ಲ. ಹಲ್ಲು ಗಟ್ಟಿಯಾಗಿಯೇ ಇದ್ದವು. ಒಸಡು ಮಾತ್ರ ಕೆಳಗೆ ಸರಿದು ಬೇರು ಕಾಣುತ್ತಿತ್ತು. ಬೆರಳು ತಾಗಿಸಿದರೆ ಅಲ್ಲಾಡುತ್ತಿದ್ದವು. ತೆಗೆದ ಹಲ್ಲುಗಳನ್ನು ಡಾಕ್ಟರು ಹತ್ತಿಯ ಮೇಲಿಟ್ಟು ತೋರಿಸಿದರು. ಬೇರಿನ ಸುತ್ತ ಕಪ್ಪು ಹಸಿರು ಬಣ್ಣದ ಕಲ್ಲಿನಂಥದ್ದು ಕಟ್ಟಿಕೊಂಡಿತ್ತು. ಅವ್ವ ಅದನ್ನು ನೋಡಿ, "ಇದು ನನ್ನ ಬಾಯಾಗ ಇತ್ತಾ?" ಅಂತ ಕೇಳಿದಳು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ನಮ್ಮದು ರೊಟ್ಟಿ ಊಟದ ಮನೆ. ಅವ್ವ ಖಡಕ್ ರೊಟ್ಟಿ ಕಚ್ಚಿದರೆ ಪಡಸಾಲೆಯವರೆಗೆ ಕೇಳಿಸುತ್ತಿತ್ತು. ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯ ತಪ್ಪಲು ಇಲ್ಲದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಈಗ ಅದೇ ರೊಟ್ಟಿಯನ್ನು ಚೂರು ಮಾಡಿ ಬ್ಯಾಳಿ ಸಾರಿನಲ್ಲಿ ಹಾಕಿ ಹತ್ತು ನಿಮಿಷ ಕಾಯುತ್ತಾಳೆ. ಎಲ್ಲರ ಊಟ ಅರ್ಧ ಮುಗಿದಾಗ ಅವಳದು ಶುರುವಾಗುತ್ತದೆ.

ಅವ್ವ ಹಲ್ಲುಜ್ಜದೆ ಇದ್ದವಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳ ಗುಡಿಸಿ, ಹಲ್ಲುಜ್ಜಿ, ಮುಖ ತೊಳೆದು, ಆಮೇಲೆಯೇ ಚಹಾ. ಬಾಯಿ ತೊಳೆಯದೆ ಒಂದು ಗುಟುಕು ನೀರು ಕುಡಿದದ್ದನ್ನೂ ನಾನು ನೋಡಿಲ್ಲ. ರಾತ್ರಿ ಮಾತ್ರ ಬೇರೆ ಕಥೆ. ಎಲ್ಲರ ಊಟ ಆಗಬೇಕು. ಪಾತ್ರೆ ತಿಕ್ಕಬೇಕು. ಕಟ್ಟೆ ಒರೆಸಬೇಕು. ಹಾಲಿಗೆ ಹೆಪ್ಪು ಹಾಕಬೇಕು. ಬಾಗಿಲು ಹಾಕಬೇಕು. "ಮುಸುರಿ ಪಾತ್ರೆ ಇಟ್ಟು ಮಲಗಬಾರದು, ಮನಿಗೆ ಲಕ್ಷ್ಮಿ ಬರೂದಿಲ್ಲ" ಅಂತ ನಮಗೆ ಬೈಯುತ್ತಿದ್ದಳು. ಒಂದು ಚಮಚ ಕೂಡ ಎಂಜಲಾಗಿ ಉಳಿಯುತ್ತಿರಲಿಲ್ಲ. ಅವಳ ಬಾಯಿ ಮಾತ್ರ ನಲವತ್ತು ವರ್ಷ ರಾತ್ರಿಯಿಡೀ ಮುಸುರೆಯಾಗಿಯೇ ಇತ್ತು. ಅದನ್ನು ನೋಡಿಕೋ ಅಂತ ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೇಲೆ ಇನ್ನೂ ಒಂಬತ್ತು ಹಲ್ಲು ಇವೆ. ಅವನ್ನಾದರೂ ಉಳಿಸಿಕೊಳ್ಳಬೇಕು. ನನಗೂ ಈಗ 41. ನಿಮ್ಮ ಮನೆಗಳಲ್ಲಿ ರಾತ್ರಿ ಹಲ್ಲುಜ್ಜುವುದನ್ನು ಹೇಗೆ ರೂಢಿ ಮಾಡಿಕೊಂಡಿರಿ? ದಿನವಿಡೀ ದುಡಿದು ಸುಸ್ತಾದ ಹೆಂಗಸರು ಆ ಎರಡು ನಿಮಿಷವನ್ನು ತಮಗಾಗಿ ಹೇಗೆ ಇಟ್ಟುಕೊಳ್ಳುತ್ತೀರಿ? ದಯವಿಟ್ಟು ಬರೆಯಿರಿ.

ಮಲೆನಾಡ ದಂತವೈದ್ಯ

ಅಕ್ಕಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಶಿವಮೊಗ್ಗ ಕಡೆ ಹದಿನೆಂಟು ವರ್ಷದಿಂದ ಹಲ್ಲಿನ ಡಾಕ್ಟರ್ ಆಗಿದ್ದೇನೆ. ನಿಮ್ಮ ಅವ್ವನಂಥವರು ವಾರಕ್ಕೆ ಇಬ್ಬರು ಮೂವರಾದರೂ ಬರುತ್ತಾರೆ. "ದಿನಾ ಉಜ್ಜುತ್ತೇನಲ್ಲ ಡಾಕ್ಟ್ರೇ, ಆದರೂ ಯಾಕೆ ಹೀಗಾಯಿತು?" ಅಂತಲೇ ಕೇಳುತ್ತಾರೆ.

ಹಲ್ಲಿನ ಬುಡವನ್ನು ಉಗುರಿನಿಂದ ಕೆರೆದರೆ ಬೆಳ್ಳಗೆ ಮೆತ್ತಗೆ ಏನೋ ಬರುತ್ತದಲ್ಲ, ಅದನ್ನು ಪಾಚಿ ಅನ್ನುತ್ತೇವೆ. ಅದು ಉಳಿದ ಅನ್ನ ಅಂತ ಜನ ತಿಳಿದಿದ್ದಾರೆ. ಅದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಅಂಟು ಪೊರೆ. ಮುಕ್ಕಳಿಸಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಬಿಸಿನೀರಿನ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಆಮೇಲೆ ಯಾವ ಬ್ರಶ್ಶಿಗೂ ಅದು ಬರುವುದಿಲ್ಲ. ಅದರ ಮೇಲೆ ಮತ್ತೆ ಪಾಚಿ ಕೂರುತ್ತದೆ. ಒಸಡು ಊದಿಕೊಂಡು ಹಿಂದೆ ಸರಿಯುತ್ತದೆ. ಒಳಗೆ ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ. ಇಷ್ಟಾದರೂ ನೋವು ಇರುವುದಿಲ್ಲ. ಹುಳುಕಾದರೆ ನೋಯುತ್ತದೆ, ಜನ ಓಡಿ ಬರುತ್ತಾರೆ. ಒಸಡಿನ ರೋಗ ಸದ್ದಿಲ್ಲದೆ ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ. ಅದು ಕೊಡುವ ಮೊದಲ ಸೂಚನೆ ಉಜ್ಜುವಾಗ ಕಾಣುವ ರಕ್ತ. ರಕ್ತ ಬಂತು ಅಂತ ಜನ ಆ ಜಾಗ ಬಿಟ್ಟು ಉಜ್ಜುತ್ತಾರೆ. ಅಲ್ಲೇ ಮೃದುವಾಗಿ, ಇನ್ನೂ ಚೆನ್ನಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು.

ರಾತ್ರಿ ಯಾಕೆ ಮುಖ್ಯ ಅಂದರೆ, ಹಗಲು ಜೊಲ್ಲು ಹರಿಯುತ್ತಿರುತ್ತದೆ. ಅದು ಬಾಯಿಯನ್ನು ತೊಳೆಯುತ್ತದೆ, ಹುಳಿಯನ್ನು ತಗ್ಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ. ಏಳೆಂಟು ಗಂಟೆ ಬಾಯಿಗೆ ಕಾವಲೇ ಇರುವುದಿಲ್ಲ.

ನಮ್ಮಲ್ಲಿ ಬೆಳಿಗ್ಗೆ ಬಾಯಿ ತೊಳೆಯುವುದು ಮಡಿಯ ಜೊತೆ ಬಂದದ್ದು. ದೇವರ ಮುಂದೆ ನಿಲ್ಲಬೇಕು, ನಾಲ್ಕು ಜನರ ಜೊತೆ ಮಾತಾಡಬೇಕು. ಅದಕ್ಕೇ ಅದು ಗಟ್ಟಿಯಾಗಿ ನಿಂತಿದೆ. ರಾತ್ರಿ ನಮ್ಮನ್ನು ನೋಡುವವರು ಯಾರೂ ಇಲ್ಲ. ನಿಮ್ಮ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು.

ನೈಟ್ ಶಿಫ್ಟ್ ಹೆಬ್ಬಾಳ

ಡಾಕ್ಟ್ರೇ, ನಾನು ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತೇನೆ. ಸಂಜೆ ಏಳರಿಂದ ಬೆಳಿಗ್ಗೆ ಏಳು. ಮಲಗುವುದು ಒಂಬತ್ತರ ಮೇಲೆ. ನಮ್ಮಂಥವರಿಗೆ ರಾತ್ರಿ ಯಾವುದು? ನಿದ್ದೆ ಬರಬಾರದು ಅಂತ ಗಂಟೆಗೊಂದು ಟೀ ಕುಡಿಯುತ್ತೇನೆ. ಹೋದ ವರ್ಷದಿಂದ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ.

ಮಲೆನಾಡ ದಂತವೈದ್ಯ

ಅಣ್ಣಾ, ನೀವು ದೀರ್ಘವಾಗಿ ಮಲಗುವ ಹೊತ್ತೇ ನಿಮ್ಮ ರಾತ್ರಿ. ಬೆಳಿಗ್ಗೆ ಬಂದು ತಿಂಡಿ ತಿಂದು ಅರ್ಧ ಗಂಟೆ ಬಿಟ್ಟು ಉಜ್ಜಿ ಮಲಗಿ. ಸಂಜೆ ಎದ್ದ ಮೇಲೆ ಇನ್ನೊಮ್ಮೆ.

ಟೀ ವಿಷಯ ಗಮನ ಕೊಡಿ. ಸಕ್ಕರೆ ಎಷ್ಟು ತಿಂದಿರಿ ಅನ್ನುವುದಷ್ಟೇ ಅಲ್ಲ, ಎಷ್ಟು ಸಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಿಹಿ ಬಾಯಿಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಅದನ್ನು ತಿಂದು ಹುಳಿ ಬಿಡುತ್ತದೆ. ಆ ಹುಳಿ ಇಳಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ನಿಮ್ಮ ಮುಂದಿನ ಟೀ ಬಂದಿರುತ್ತದೆ. ಒಂದು ಟೀ ಬಿಟ್ಟು ಒಂದಕ್ಕೆ ಸಕ್ಕರೆ ಬೇಡ ಅನ್ನಿ. ಪ್ರತಿ ಟೀ ಆದ ಮೇಲೆ ಎರಡು ಗುಟುಕು ನೀರು ಬಾಯಲ್ಲಿ ಆಡಿಸಿ ಕುಡಿಯಿರಿ. ಗಾಡಿಯಲ್ಲಿ ಬಾಟಲಿ ಇದ್ದೇ ಇರುತ್ತದಲ್ಲ. ಜುಮ್ಮೆನ್ನುವ ಹಲ್ಲನ್ನು ಮಾತ್ರ ಒಮ್ಮೆ ತೋರಿಸಿ, ಮುಂದೂಡಬೇಡಿ. ಖರ್ಚಿನ ಯೋಚನೆ ಇದ್ದರೆ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ಸರಕಾರಿ ದಂತ ವೈದ್ಯಕೀಯ ಕಾಲೇಜಿದೆ. 1958ರಿಂದ ನಡೆಯುತ್ತಿದೆ. ಸಾಲಿನಲ್ಲಿ ಕಾಯಬೇಕಾಗುತ್ತದೆ, ಆದರೆ ಕೆಲಸ ಅಚ್ಚುಕಟ್ಟು.

ಬೇವಿನಕಡ್ಡಿ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ತಾತ 84 ವರ್ಷ ಬದುಕಿದರು. ಕೊನೆಯವರೆಗೂ ಕಬ್ಬು ಸಿಗಿದು ತಿಂದವರು. ಅವರು ಬ್ರಶ್ ಮುಟ್ಟಿದ್ದೇ ಇಲ್ಲ. ಬೇವಿನ ಕಡ್ಡಿ, ಇಲ್ಲದಿದ್ದರೆ ಹೊಂಗೆ ಕಡ್ಡಿ. ಮನೆಯಲ್ಲಿ ನಂಜನಗೂಡಿನ ಹಲ್ಲುಪುಡಿ ಇರುತ್ತಿತ್ತು, ಅದು ಹೆಂಗಸರು ಮಕ್ಕಳಿಗೆ. ಪೇಸ್ಟ್ ಬಂದ ಮೇಲೆಯೇ ಹಲ್ಲು ಕೆಟ್ಟಿದ್ದು ಅಂತ ನನಗೆ ಅನಿಸುತ್ತದೆ. ನಾನು ಈಗಲೂ ಕಡ್ಡಿಯಲ್ಲೇ ಉಜ್ಜುತ್ತೇನೆ.

ಮಲೆನಾಡ ದಂತವೈದ್ಯ

ನಿಮ್ಮ ತಾತನಿಗೆ ನಮಸ್ಕಾರ. ಅವರು ಕಡ್ಡಿ ಹಿಡಿದು ಎಷ್ಟು ಹೊತ್ತು ಉಜ್ಜುತ್ತಿದ್ದರು, ನೆನಪಿದೆಯಾ? ನಮ್ಮಜ್ಜ ತೋಟ ಸುತ್ತಿ ಬರುವವರೆಗೂ ಅಗಿಯುತ್ತಾ ಉಜ್ಜುತ್ತಾ ಇರುತ್ತಿದ್ದರು. ಅರ್ಧ ಗಂಟೆ. ಒಂದೊಂದು ಹಲ್ಲಿಗೂ ಕಡ್ಡಿ ಮುಟ್ಟುತ್ತಿತ್ತು. ಕೊನೆಗೆ ಅದೇ ಕಡ್ಡಿ ಸೀಳಿ ನಾಲಿಗೆ ಕೆರೆಯುತ್ತಿದ್ದರು. ನಾವು ಪೇಸ್ಟ್ ಹಾಕಿ ಮೊಬೈಲ್ ನೋಡುತ್ತಾ ನಲವತ್ತು ಸೆಕೆಂಡಿನಲ್ಲಿ ಮುಗಿಸುತ್ತೇವೆ. ಮತ್ತೆ ಅವರ ಕಾಲದ ಊಟದಲ್ಲಿ ಬಿಸ್ಕತ್ತು, ಚಾಕಲೇಟು, ಗಂಟೆಗೊಂದು ಸಿಹಿ ಟೀ ಇರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಕಡ್ಡಿ ಕೆಟ್ಟದ್ದಲ್ಲ. ಚೆನ್ನಾಗಿ ಅಗಿದು ನಾರು ಮಾಡಿಕೊಂಡು, ಒಸಡಿಗೆ ಗೀರು ಬೀಳದಂತೆ ಉಜ್ಜಿದರೆ ಪಾಚಿ ಹೋಗುತ್ತದೆ. ಹಿಂದಿನ ದವಡೆ ಹಲ್ಲಿನ ಒಳಭಾಗಕ್ಕೆ ಅದು ತಲುಪುವುದು ಕಷ್ಟ. ಕಡ್ಡಿಯಲ್ಲಿ ಸಿಗದ ಒಂದು ವಸ್ತು ಪೇಸ್ಟಿನಲ್ಲಿದೆ, ಫ್ಲೋರೈಡ್. ಹುಳಿಯಿಂದ ಸವೆಯುತ್ತಿರುವ ಹಲ್ಲಿನ ಮೇಲ್ಪದರವನ್ನು ಅದು ಮತ್ತೆ ಗಟ್ಟಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಟ್ಯೂಬಿನ ಮೇಲೆ ಫ್ಲೋರೈಡ್ ಪ್ರಮಾಣ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಆಸುಪಾಸು ಅಂತ ಬರೆದಿದೆಯಾ ನೋಡಿಕೊಳ್ಳಿ, ಸಾಕು. ದುಬಾರಿ ಪೇಸ್ಟ್ ಬೇಕಿಲ್ಲ.

ನಿಜವಾಗಿ ಬಿಡಬೇಕಾದ್ದು ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಹರಳುಪ್ಪು. ಅವು ಹಲ್ಲನ್ನು ಉಜ್ಜುವುದಿಲ್ಲ, ತೇಯುತ್ತವೆ. ತೇದು ಹೋದ ಮೇಲ್ಪದರ ಮತ್ತೆ ಬೆಳೆಯುವುದಿಲ್ಲ.

ಪಾವಗಡದ ಮೇಷ್ಟ್ರು

ಇಟ್ಟಿಗೆ ಪುಡಿ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರು. ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕೋಲಾರ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೂ ಇದು ಗೊತ್ತಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ನಮ್ಮ ಎಷ್ಟೋ ಬಾವಿಗಳು ಅದನ್ನು ದಾಟಿವೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ ಬರುತ್ತದೆ. ಅದು ಕೊಳೆ ಅಲ್ಲ. ಹಲ್ಲು ಹುಟ್ಟುವಾಗಲೇ ಹಾಗೆ ಬಂದಿರುತ್ತದೆ.

ಐದಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಶಾಲೆಯ ನಲ್ಲಿ ಹತ್ತಿರ ಏಳನೇ ತರಗತಿಯ ಹುಡುಗನೊಬ್ಬ ಬಗ್ಗಿ ನಿಂತಿದ್ದ. ಕಟ್ಟಡಕ್ಕೆ ತಂದಿಟ್ಟಿದ್ದ ಇಟ್ಟಿಗೆಯನ್ನು ಕಲ್ಲಿಗೆ ತಿಕ್ಕಿ ಪುಡಿ ಮಾಡಿ ಬೆರಳಿನಲ್ಲಿ ಮುಂದಿನ ಎರಡು ಹಲ್ಲಿಗೆ ಉಜ್ಜುತ್ತಿದ್ದ. ನೀರಿನ ಜೊತೆ ರಕ್ತ ಬರುತ್ತಿತ್ತು. ಅವನು ನಿಲ್ಲಿಸಿರಲಿಲ್ಲ. ಅಂದು ಶಾಲೆಯಲ್ಲಿ ಗ್ರೂಪ್ ಫೋಟೋ ಇತ್ತು. ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿದೆ. "ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಸಾರ್, ಮನೆಯಲ್ಲಿ ಸೋಮಾರಿ ಅಂತ ಬೈಯುತ್ತಾರೆ" ಅಂದ. ನನಗೆ ಮಾತು ಬರಲಿಲ್ಲ. ನಾನೂ ಅದೇ ನೀರು ಕುಡಿದು ಬೆಳೆದವನು. ಚಿಕ್ಕವನಾಗಿದ್ದಾಗ ನಾನೂ ಅದೇ ಬೈಗುಳ ತಿಂದಿದ್ದೇನೆ.

ಅವತ್ತಿನಿಂದ ಪ್ರತಿ ವರ್ಷ ಜೂನ್ ಮೊದಲ ವಾರ ಪೋಷಕರನ್ನು ಕರೆಸಿ ಇದೊಂದು ಮಾತು ಹೇಳುತ್ತೇನೆ. ಮಕ್ಕಳ ಹಲ್ಲಿನ ಕಂದು ಬಣ್ಣ ಅವರ ತಪ್ಪಲ್ಲ. ಘಟಕದ ಶುದ್ಧ ನೀರನ್ನು ಎಲ್ಲರಿಗಿಂತ ಮೊದಲು ಚಿಕ್ಕ ಮಕ್ಕಳಿಗೆ ಕುಡಿಸಿ. ಅಡುಗೆಗೂ ಅದನ್ನೇ ಬಳಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ.

ಡಾಕ್ಟರ್ ಸರ್, ನಮ್ಮ ಕಡೆ ಮಕ್ಕಳಿಗೆ ಫ್ಲೋರೈಡ್ ಪೇಸ್ಟ್ ಕೊಡಬಹುದಾ? ಈ ಕಲೆಗೆ ಏನಾದರೂ ದಾರಿ ಇದೆಯಾ?

ಮಲೆನಾಡ ದಂತವೈದ್ಯ

ಮೇಷ್ಟ್ರೇ, ನೀವು ಮಾಡುತ್ತಿರುವ ಕೆಲಸ ನಾವು ಡಾಕ್ಟರುಗಳು ಮಾಡಬೇಕಾದದ್ದು.

ತೊಂದರೆ ಆಗುವುದು ನುಂಗಿದಾಗ. ಪೇಸ್ಟ್ ಹಲ್ಲಿನ ಮೇಲೆ ಕೆಲಸ ಮಾಡಿ ಉಗುಳಿ ಹೋಗುವ ವಸ್ತು. ನಿಮ್ಮಂಥ ಊರುಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಯಾವ ಪೇಸ್ಟ್, ಎಷ್ಟು ಅಂತ ಹತ್ತಿರದ ದಂತವೈದ್ಯರನ್ನು ಕೇಳಿಯೇ ಕೊಡಿ. ಉಗುಳಲು ಬರುವ ದೊಡ್ಡ ಮಕ್ಕಳು ಬಟಾಣಿ ಕಾಳಿನಷ್ಟು ಹಾಕಿ ಉಜ್ಜಿ ಪೂರ್ತಿ ಉಗುಳಲಿ. ಕಲೆಗೆ ದಾರಿ ಇದೆ. ತೆಳು ಕಲೆಯಾದರೆ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯಬಹುದು. ದಟ್ಟವಾಗಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವನ್ನು ಮೇಲೆ ಲೇಪಿಸಬಹುದು. ದಂತ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ಆ ಹುಡುಗ ಈಗ ಎಲ್ಲಿದ್ದಾನೆ?

ಪಾವಗಡದ ಮೇಷ್ಟ್ರು

ತುಮಕೂರಿನಲ್ಲಿ ಐಟಿಐ ಓದುತ್ತಿದ್ದಾನೆ ಸರ್. ನಿಮ್ಮ ಉತ್ತರವನ್ನು ಅವನಿಗೆ ಈಗಷ್ಟೇ ಕಳಿಸಿದೆ.

ಆರನೇ ವಯಸ್ಸು

ನನ್ನ ಅನುಭವವೂ ಸೇರಿಸುತ್ತೇನೆ. ಇನ್ನೊಬ್ಬ ತಾಯಿಗಾದರೂ ಉಪಯೋಗವಾಗಲಿ.

ಮಗಳಿಗೆ ಏಳು ವರ್ಷ ಇದ್ದಾಗ ಕೆಳಗಿನ ಸಾಲಿನ ತುದಿಯಲ್ಲಿ ಒಂದು ಹಲ್ಲು ಹುಳುಕಾಗಿತ್ತು. ಹಾಲು ಹಲ್ಲು ತಾನೆ, ಬೀಳುತ್ತದೆ, ಹೊಸದು ಬರುತ್ತದೆ ಅಂತ ನಮ್ಮತ್ತೆಯೂ ಹೇಳಿದರು, ನಾನೂ ನಂಬಿದೆ. ಮುಂದಿನ ಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಸಂಭ್ರಮಿಸಿದ್ದೆವು. ಈ ಹುಳುಕು ಹಲ್ಲೂ ಹಾಗೇ ಒಂದು ದಿನ ಬೀಳುತ್ತದೆ ಅಂದುಕೊಂಡು ಒಂದು ವರ್ಷ ಕಳೆಯಿತು. ಕೆನ್ನೆ ಊದಿಕೊಂಡ ರಾತ್ರಿ ಆಸ್ಪತ್ರೆಗೆ ಹೋದೆವು. ಅದು ಶಾಶ್ವತ ಹಲ್ಲು ಅಂದರು. ಆರನೇ ವಯಸ್ಸಿಗೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸುಮ್ಮನೆ ಹೊಸ ಜಾಗದಲ್ಲಿ ಬರುತ್ತದಂತೆ. ಮೇಲೆ ಎರಡು, ಕೆಳಗೆ ಎರಡು. ಜೀವನವಿಡೀ ಅಗಿಯಬೇಕಾದ ಹಲ್ಲು. ನನಗೆ ಗೊತ್ತೇ ಇರಲಿಲ್ಲ. ಎಂಟು ವರ್ಷದ ಮಗು ರೂಟ್ ಕೆನಾಲ್ ಕುರ್ಚಿಯಲ್ಲಿ ನನ್ನ ಬೆರಳು ಹಿಡಿದು ಮಲಗಿದ್ದಳು.

ದಯವಿಟ್ಟು ಆರು ವರ್ಷದ ಮಕ್ಕಳಿದ್ದವರು ಇವತ್ತು ರಾತ್ರಿ ಟಾರ್ಚ್ ಹಾಕಿ ಬಾಯಿಯ ತುದಿ ನೋಡಿ.

ಈಗ ಮನೆಯಲ್ಲಿ ಏನು ಮಾಡುತ್ತೇವೆ ಅಂದರೆ, ರಾತ್ರಿ ಒಂಬತ್ತೂವರೆಗೆ ಮೂವರೂ ಬಚ್ಚಲಿಗೆ ಹೋಗುತ್ತೇವೆ. ಚಿಕ್ಕವನಿಗೆ ನಾಲ್ಕು, ಅವನಿಗೆ ನಾನೇ ಉಜ್ಜುತ್ತೇನೆ. ಎಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹಿಡಿತ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅವನ ತಲೆ ನನ್ನ ತೊಡೆಯ ಮೇಲೆ. ನಾನು ಹಲ್ಲು ಎಣಿಸುತ್ತಾ ಉಜ್ಜುತ್ತೇನೆ, ಒಂದರಿಂದ ಇಪ್ಪತ್ತು. ಎಣಿಕೆ ತಪ್ಪಿದರೆ ಅವನೇ ತಿದ್ದುತ್ತಾನೆ. ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಹೊತ್ತು ಅದು.

ಎಚ್ಚೆಮ್ಮ

ಮೇಲಿನ ಹಲ್ಲು ತೆಗೆಸಿದರೆ ಕಣ್ಣು ಮಂಜಾಗುತ್ತದೆ ಅನ್ನುತ್ತಾರಲ್ಲ, ನಿಜವಾ? ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತಲೂ ಹೇಳುತ್ತಾರೆ.

ಮಲೆನಾಡ ದಂತವೈದ್ಯ

ಎರಡೂ ನಿಜವಲ್ಲ ಅಮ್ಮಾ. ಹಲ್ಲಿನ ನರಕ್ಕೂ ಕಣ್ಣಿನ ದೃಷ್ಟಿಯ ನರಕ್ಕೂ ಸಂಬಂಧ ಇಲ್ಲ. ಹಲ್ಲು ತೆಗೆಸುವ ವಯಸ್ಸಿಗೂ ಪೊರೆ ಬರುವ ವಯಸ್ಸಿಗೂ ತಾಳೆ ಆಗುತ್ತದೆ, ಅಷ್ಟೇ. ಕ್ಲೀನಿಂಗ್ ವಿಷಯಕ್ಕೆ ಬಂದರೆ, ಹಲ್ಲುಗಳ ಸಂದಿಯಲ್ಲಿ ಆ ಗಟ್ಟಿ ಹಕ್ಕಳೆ ಗಾರೆಯ ಹಾಗೆ ತುಂಬಿಕೊಂಡಿರುತ್ತದೆ. ತೆಗೆದಾಗ ಸಂದಿ ಖಾಲಿ ಅನಿಸುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ. ಒಸಡಿನ ಊತ ಇಳಿದ ಮೇಲೆ ಸರಿಹೋಗುತ್ತದೆ. ಸಡಿಲ ಮಾಡಿದ್ದು ಆ ಹಕ್ಕಳೆ.

ವಿಜಯಪುರ 44

ನಾನು ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುತ್ತೇನೆ. ಹೊಗೆಸೊಪ್ಪು, ಸುಣ್ಣ ಅಂಗೈಯಲ್ಲಿ ತಿಕ್ಕಿ ಬಲಗಡೆ ಕೆಳಗಿನ ತುಟಿ ಒಳಗೆ ಇಟ್ಟುಕೊಳ್ಳುವುದು. ಹದಿನಾರನೇ ವಯಸ್ಸಿನಿಂದ. ನಮ್ಮ ತಾಯಿ ಮಿಶ್ರಿಯಿಂದ ಹಲ್ಲುಜ್ಜುತ್ತಿದ್ದಳು. ತಂಬಾಕು ಸುಟ್ಟ ಪುಡಿ ಅದು. ಹಲ್ಲುನೋವು ಬರುವುದಿಲ್ಲ ಅಂತ ನಂಬಿಕೆ. ಹಲ್ಲುಪುಡಿ, ಪೇಸ್ಟಿಗೆ ತಂಬಾಕು ಹಾಕಬಾರದು ಅಂತ 1992ರಲ್ಲೇ ಕಾನೂನು ಆಗಿದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಸುಟ್ಟುಕೊಳ್ಳುವುದಕ್ಕೆ ಯಾವ ಕಾನೂನು?

ಎರಡು ವರ್ಷದ ಹಿಂದೆ ಕನ್ನಡಿಯಲ್ಲಿ ತುಟಿ ಮಡಚಿ ನೋಡಿದೆ. ಸೊಪ್ಪು ಇಡುವ ಜಾಗದಲ್ಲಿ ಬಿಳಿ ಕಲೆ. ನೋವಿಲ್ಲ. ಒರೆಸಿದರೆ ಹೋಗುವುದಿಲ್ಲ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಹೆಂಡತಿ ನೋಡಿಬಿಟ್ಟಳು, ಎಳೆದುಕೊಂಡು ಹೋದಳು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ಆ ಎಂಟು ದಿನ ನಾನು ಸೊಪ್ಪು ಮುಟ್ಟಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಬಿಡದಿದ್ದರೆ ಆ ಕಡೆಗೇ ಹೋಗುತ್ತದೆ ಅಂದರು. ಬಿಟ್ಟೆ. 1800-11-2356 ಅಂತ ಉಚಿತ ನಂಬರ್ ಇದೆ, ತಂಬಾಕು ಬಿಡಲು ಸಹಾಯ ಮಾಡುತ್ತಾರೆ. ಮೊದಲ ಹದಿನೈದು ದಿನ ತುಂಬಾ ಕಷ್ಟ. ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಜೇಬಲ್ಲಿ ಸೋಂಪು ಇಟ್ಟುಕೊಂಡೆ.

ಈಗ ರಾತ್ರಿ ಉಜ್ಜುವಾಗ ತುಟಿ ಮಡಚಿ, ಕೆನ್ನೆ ಎಳೆದು, ನಾಲಿಗೆ ಎರಡೂ ಕಡೆ ನೋಡಿಕೊಳ್ಳುತ್ತೇನೆ. ನನ್ನ ಮಟ್ಟಿಗೆ ಹಲ್ಲುಜ್ಜುವುದು ಅಂದರೆ ಅದೂ ಸೇರಿದ್ದು.

ಮಲೆನಾಡ ದಂತವೈದ್ಯ

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ.

ಒಂದು ಮಾತು ಹೇಳಲೇಬೇಕು. ನಮ್ಮ ಮನೆಯ ಅನ್ನ ಅಡಿಕೆ ತೋಟದಿಂದ ಬಂದದ್ದು. ನನ್ನ ಕಾಲೇಜು ಫೀಸು ಕಟ್ಟಿದ್ದೂ ಅದೇ ತೋಟ. ಆದರೂ ನನ್ನ ಕುರ್ಚಿಯಲ್ಲಿ ಕೂತ 26 ವರ್ಷದ ಹುಡುಗನಿಗೆ ಬಾಯಿಯೊಳಗೆ ಎರಡು ಬೆರಳೂ ಹಿಡಿಸದಿದ್ದಾಗ ನಾನು ಸುಮ್ಮನಿರಲು ಆಗುವುದಿಲ್ಲ. ಅಡಿಕೆಯನ್ನೂ 2004ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಪ್ಯಾಕೆಟ್ಟಿನ ಗುಟ್ಕಾ, ಪಾನ್ ಮಸಾಲ ಅಗಿಯುವ ಹುಡುಗರಲ್ಲಿ ಕೆನ್ನೆಯ ಒಳಪದರ ಹಗ್ಗದ ಹಾಗೆ ಬಿಗಿಯಾಗುತ್ತದೆ. ನಿಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯಿಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಡ ಮಾಡಬೇಡಿ.

ಅಪ್ಪನ ಜೊತೆ

ಅಪ್ಪನಿಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳಾಯಿತು. ಎಡಭಾಗ ಸ್ವಾಧೀನ ಇಲ್ಲ. ಸ್ನಾನ, ಬಟ್ಟೆ, ಡೈಪರ್ ಎಲ್ಲ ಕಲಿತೆ. ಬಾಯಿಯ ಬಗ್ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ನರ್ಸ್ ಬಂದು ಎಡಗೆನ್ನೆ ಸರಿಸಿ ತೋರಿಸಿದರು. ಬೆಳಿಗ್ಗೆಯ ಇಡ್ಲಿ ಹಾಗೇ ಕೂತಿತ್ತು. ಅಪ್ಪನಿಗೆ ಅಲ್ಲಿ ಸ್ಪರ್ಶವೇ ಇಲ್ಲ. ನುಂಗಲು ಕಷ್ಟ ಇರುವವರಿಗೆ ಬಾಯಿಯ ಕ್ರಿಮಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂತ ಅವರೇ ಹೇಳಿದ್ದು.

ಈಗ ಹೀಗೆ ಮಾಡುತ್ತೇನೆ. ದಿಂಬು ಇಟ್ಟು ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆಗೆ ಬಾಗಿಸುತ್ತೇನೆ. ಮಕ್ಕಳ ಸಣ್ಣ ಮೆತ್ತನೆ ಬ್ರಶ್, ಪೇಸ್ಟ್ ಚೂರೇ ಚೂರು. ನೀರು ಸುರಿಯುವುದಿಲ್ಲ. ಒದ್ದೆ ಗಾಜ್ ಬಟ್ಟೆ ಬೆರಳಿಗೆ ಸುತ್ತಿ ಕೆನ್ನೆಯ ಒಳಗೆ, ನಾಲಿಗೆ ಮೇಲೆ ಒರೆಸುತ್ತೇನೆ. ಕೊನೆಗೆ ತುಟಿಗೆ ತುಪ್ಪ. ಮಾತು ಸ್ಪಷ್ಟವಾಗಿ ಬರದ ಅಪ್ಪ ಅದು ಮುಗಿದ ಮೇಲೆ ಬಲಗೈಯಿಂದ ನನ್ನ ಮಣಿಕಟ್ಟು ಒಂದು ಸಲ ಒತ್ತುತ್ತಾರೆ. ಸ್ನಾನ ಮಾಡಿಸಿದಾಗಲೂ ಹಾಗೆ ಒತ್ತುವುದಿಲ್ಲ.

ಸಕ್ಕರೆ ನಾಡು

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ನನಗೆ ಮಾತ್ರೆ ಜಾಸ್ತಿ ಮಾಡಿದರೂ ಶುಗರ್ ಇಳಿಯುತ್ತಿರಲಿಲ್ಲ. ಒಸಡಿನಲ್ಲಿ ಕೀವು ಇತ್ತು. ಅದಕ್ಕೆ ಚಿಕಿತ್ಸೆ ಆದ ಮೇಲೆ ಸ್ವಲ್ಪ ಹಿಡಿತಕ್ಕೆ ಬಂತು. ಶುಗರ್ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಏರುತ್ತದೆ ಅಂತ ನಮ್ಮ ಡಾಕ್ಟರು ವಿವರಿಸಿದರು. ಮಾತ್ರೆ ಬಿಡಬೇಡಿ, ಆದರೆ ಬಾಯಿಯನ್ನೂ ತೋರಿಸಿ.

ತಡರಾತ್ರಿ

ಡಾಕ್ಟ್ರೇ, ಉಜ್ಜುವ ಸರಿಯಾದ ಕ್ರಮ ಒಮ್ಮೆ ಹೇಳಿಬಿಡಿ. ಪೇಸ್ಟ್ ಹಾಕಿ ಉಜ್ಜಿದ ಮೇಲೆ ಮುಕ್ಕಳಿಸಬಾರದು ಅಂತ ಎಲ್ಲೋ ಓದಿದೆ. ನನಗೆ ಅದು ಆಗುವುದೇ ಇಲ್ಲ, ಬಾಯಿ ಎಂಜಲು ಅನಿಸುತ್ತದೆ.

ಮಲೆನಾಡ ದಂತವೈದ್ಯ

ಅರ್ಥವಾಗುತ್ತದೆ. ನಮಗೆ ಊಟ ಆದ ಮೇಲೆ ಬಾಯಿ ಮುಕ್ಕಳಿಸಿ ರೂಢಿ, ಅದು ತುಂಬಾ ಒಳ್ಳೆಯ ರೂಢಿ. ಬಿಡಬೇಡಿ. ಅದನ್ನು ಉಜ್ಜುವ ಮುಂಚೆ ಮಾಡಿ, ಎಷ್ಟು ಬೇಕಾದರೂ. ಪೇಸ್ಟ್ ಆದ ಮೇಲೆ ಚೆನ್ನಾಗಿ ಉಗುಳಿ, ತುಟಿ ತೊಳೆದುಕೊಳ್ಳಿ. ಹಲ್ಲಿನ ಮೇಲೆ ಉಳಿದ ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡುತ್ತದೆ. ಒಂದು ವಾರ ಕಷ್ಟ, ಆಮೇಲೆ ಒಗ್ಗುತ್ತದೆ.

ಬ್ರಶ್ ಮೆತ್ತಗಿರಲಿ. ಎಳೆಗಳನ್ನು ಒಸಡು ಹಲ್ಲು ಸೇರುವ ಗೆರೆಗೆ ಓರೆಯಾಗಿ ಇಟ್ಟು, ಅಲ್ಲೇ ಸಣ್ಣದಾಗಿ ಅಲುಗಿಸಿ. ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಎಳೆಯಬೇಡಿ. ಒಟ್ಟು ಎರಡು ನಿಮಿಷ. ನಾಲಿಗೆ ಪಕ್ಕದ ಒಳಸಾಲನ್ನು ಎಲ್ಲರೂ ಮರೆಯುತ್ತಾರೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಸಂದಿಗಳಿಗೆ ದಾರ ಅಥವಾ ಸಣ್ಣ ಸಂದಿ ಬ್ರಶ್. ಪಿನ್ನು, ಬೆಂಕಿಕಡ್ಡಿ ಬೇಡ. ಮೂರು ತಿಂಗಳಿಗೊಮ್ಮೆ ಬ್ರಶ್ ಬದಲಿಸಿ.

ಗದಗಿನ ಮಗಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಇಡೀ ಚರ್ಚೆಯನ್ನು ಅವ್ವನಿಗೆ ಓದಿ ಹೇಳಿದೆ. ಪಾವಗಡದ ಹುಡುಗನ ಭಾಗ ಎರಡು ಸಲ ಓದಿಸಿದಳು.

ಹೋದ ವಾರ ಕೆಳಗಿನ ಹಲ್ಲುಸೆಟ್ಟು ಬಂತು. ಇನ್ನೂ ಒಗ್ಗಿಲ್ಲ. ಖಡಕ್ ರೊಟ್ಟಿ ಈಗಲೂ ಸಾರಿನಲ್ಲೇ ನೆನೆಯುತ್ತದೆ. ಸೌತೆಕಾಯಿ ಮಾತ್ರ ತೆಳ್ಳಗೆ ಹೆಚ್ಚಿಕೊಟ್ಟರೆ ತಿನ್ನುತ್ತಾಳೆ. ರಾತ್ರಿ ಸೆಟ್ಟು ತೆಗೆದು, ಕೆಳಗೆ ನೀರಿನ ಬೋಗುಣಿ ಇಟ್ಟುಕೊಂಡು ತೊಳೆಯುತ್ತಾಳೆ. ಕೈಜಾರಿದರೂ ಒಡೆಯಬಾರದು ಅಂತ. ಆಮೇಲೆ ತಣ್ಣೀರಿನ ಬಟ್ಟಲಲ್ಲಿ ಹಾಕಿ ಮುಚ್ಚಿಡುತ್ತಾಳೆ. ಅದು ಆದ ಮೇಲೆ ಮೇಲಿನ ಒಂಬತ್ತು ಹಲ್ಲಿಗೆ ಬ್ರಶ್.

ನಿನ್ನೆ ನಾನು ಪಾತ್ರೆ ಮುಗಿಸಿ, ಕಟ್ಟೆ ಒರೆಸಿ, ಲೈಟು ಆರಿಸಲು ಹೋದೆ. ಅವ್ವ ಬಚ್ಚಲ ಬಾಗಿಲಲ್ಲಿ ನನ್ನ ಬ್ರಶ್ ಹಿಡಿದು ನಿಂತಿದ್ದಳು. ಬಟಾಣಿ ಕಾಳಿನಷ್ಟು ಪೇಸ್ಟನ್ನೂ ಹಾಕಿದ್ದಳು. "ಲೈಟು ನಾ ಆರಸ್ತೀನಿ, ನೀ ಬಾ" ಅಂದಳು.